ಗುಡ್ಡಕ್ಕೆ ಹೇಳಿದ ಹೆಸರು

ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಇನ್ನೊಬ್ಬಳು ಸೊಸೆಯಾಗಿ ಬಂದು, ಜ್ವರ ಬಂದು ಸತ್ತಿದ್ದಳು. ಸತ್ತವಳು ಸುಮ್ಮನೆ ಹೋಗಿದ್ದರೆ ನನಗೂ ಆಕೆಗೂ ಯಾವ ಜಗಳವೂ ಇರಲಿಲ್ಲ. ಆಕೆ ಹೋಗಲಿಲ್ಲ. ನನ್ನ ಕೊರಳಿಗೆ ಬಂದು ಕೂತಳು.

ಮಾತಿಗೆ ಹೇಳುತ್ತಿಲ್ಲ, ಖರೇನೇ ಕೂತಳು. ಹೆಂಡತಿ ಸತ್ತವನಿಗೆ ಎರಡನೆಯ ಹೆಣ್ಣು ತಂದರೆ, ಮೊದಲನೆಯವಳು ಸಿಟ್ಟಾಗದಿರಲಿ ಎಂದು ಬೆಳ್ಳಿಯ ತಗಡಿನಲ್ಲಿ ಆಕೆಯ ಮುಖ ಒತ್ತಿಸಿ, ಅದನ್ನು ಎರಡನೆಯವಳ ಕೊರಳಿಗೆ ಕಟ್ಟುತ್ತಿದ್ದರು. ನನ್ನ ತಾಳಿಯ ಪಕ್ಕದಲ್ಲಿ ಆಕೆಯ ಮುಖ. ಮನೆಯವರೆಲ್ಲ ಆ ಪದಕವನ್ನು ‘ಹಿರ್ಯಾಕಿ’ ಎಂದೇ ಕರೆಯುತ್ತಿದ್ದರು. ಅದನ್ನು ಮಾಡಿದ ಪತ್ತಾರ ಆಕೆಯನ್ನು ಕಣ್ಣಿನಿಂದ ಕಂಡವನೂ ಅಲ್ಲ. ಎರಡು ದುಂಡು ಕಣ್ಣು, ಒಂದು ಮೂಗು, ಮುಚ್ಚಿದ ಬಾಯಿ ಒತ್ತಿ ಕೊಟ್ಟಿದ್ದ. ಆದರೂ ನಮ್ಮ ಅತ್ತೆ ಅದನ್ನು ನೋಡಿದಾಗಲೆಲ್ಲ, “ಥೇಟ್ ಆಕೀನೇ ನೋಡು” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕಣ್ಣೀರು ನನ್ನ ಎದೆಯನ್ನು ನೋಡಿಕೊಂಡು ಬರುತ್ತಿತ್ತು, ನನಗಾಗಿ ಅಲ್ಲ.

ಹೊಸ ಸೀರೆ ತಂದರೆ ಮೊದಲು ಹಿರಿಯಾಕೆಯ ಮುಂದೆ ಇಟ್ಟು, ಆಕೆ ಉಟ್ಟಳು ಎಂದುಕೊಂಡು, ಆಮೇಲೆ ನನಗೆ. ಮಾವಿನ ಹಣ್ಣು ಬಂದರೆ ಮೊದಲ ಹೋಳು ಆಕೆಗೆ. ಹಬ್ಬದ ಹೋಳಿಗೆ ಮೊದಲು ಆಕೆಗೆ. ನನಗೆ ಬಂದದ್ದೆಲ್ಲ ಒಬ್ಬರು ಮುಟ್ಟಿ ಬಿಟ್ಟದ್ದು. ಮದುವೆಯಾಗಿ ಬಂದ ಹೊಸದರಲ್ಲೇ ನನಗೆ ಗೊತ್ತಾಗಿಹೋಯಿತು, ಈ ಮನೆಯಲ್ಲಿ ಹೊಸದು ಅನ್ನುವುದು ನನ್ನ ಪಾಲಿಗಿಲ್ಲ ಎಂದು. ಗಂಡ ಕೂಡ ಹಾಗೇ ತಾನೆ?

ನನ್ನ ತವರು ಅಫಜಲಪುರ ತಾಲೂಕಿನ ಗೊಬ್ಬೂರು. ಎರೆಹೊಲದ ನಡುವೆ ಬೆಳೆದವಳು ನಾನು. ನಮ್ಮಲ್ಲಿ ಎತ್ತರ ಅಂದರೆ ಜೋಳದ ಕಣಿಕೆಯ ಬಣವೆ, ಅದಕ್ಕಿಂತ ಎತ್ತರ ಅಂದರೆ ಬೇವಿನ ಮರ. ಗುಡ್ಡ ಅನ್ನುವುದನ್ನು ನೋಡಿದ್ದು ಆಳಂದದ ಸೀಮೆಗೆ ಬಂದ ಮೇಲೆ. ಆಗ ನಮ್ಮ ಕಡೆ ಇನ್ನೂ ನಿಜಾಮರ ಸರಕಾರ. ಗಂಡನ ಊರಿನಿಂದ ಚಕ್ಕಡಿಯಲ್ಲಿ ಒಂದಷ್ಟು ಹೊತ್ತು ಹೋದರೆ ಕಲ್ಲುಗುಡ್ಡಗಳ ಸಾಲು. ಅದರಲ್ಲಿ ದೊಡ್ಡದರ ನೆತ್ತಿಯ ಮೇಲೆ ಒಂದು ಕಲ್ಲು ಇತ್ತು. ಗುಡಿಯಿಲ್ಲ, ಗೋಪುರವಿಲ್ಲ, ಕಲ್ಲಿಗೆ ಕಣ್ಣುಮೂಗೂ ಇಲ್ಲ. ಗುಡ್ಡದವ್ವ ಅನ್ನುತ್ತಿದ್ದರು.

ಮದುವೆಯಾಗಿ ಬಂದ ಹೆಣ್ಣು ಮೊದಲ ಬೇಸಿಗೆಯಲ್ಲಿ ಮನೆಯ ಬಾವಿಯಿಂದ ಒಂದು ಕೊಡ ಮೀಸಲು ನೀರು ತುಂಬಿಕೊಂಡು, ತಲೆಯ ಮೇಲೆ ಹೊತ್ತು ಆ ಗುಡ್ಡ ಹತ್ತಬೇಕು. ಕಾದ ಕಲ್ಲಿಗೆ ನೀರೆರೆಯಬೇಕು. ಎರೆದ ಮೇಲೆ ಗಂಡನಾದವನು ಬಯಲಿಗೆ ಮುಖ ಮಾಡಿ ಹೆಂಡತಿಯ ಹೆಸರು ಕೂಗಬೇಕು. ಇದಕ್ಕೆ ‘ಗುರುತು ಹೇಳೋದು’ ಅನ್ನುತ್ತಿದ್ದರು. ಇಂಥಾಕಿ ನಮ್ಮ ಮನೆಯವಳು ಎಂದು ಗುಡ್ಡಕ್ಕೆ ಗೊತ್ತಾಗಬೇಕಂತೆ.

ಈಗಿನವರಿಗೆ ಇದೇನು ದೊಡ್ಡ ಮಾತು ಅನ್ನಿಸೀತು. ಆಗ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದೇ ಇರಲಿಲ್ಲ. ಹೆಂಗಸರಾದರೂ ಪ್ರಾಸದ ಒಡಪು ಕಟ್ಟಿ, ಅದರ ತುದಿಗೆ ಗಂಡನ ಹೆಸರು ಸಿಕ್ಕಿಸಿ ಹೇಳುತ್ತಿದ್ದರು. ಗಂಡಸರು ಅದೂ ಇಲ್ಲ. “ಏ”, “ಕೇಳಾಕತ್ತಿ ಏನ”, “ಎಲ್ಲಿ ಅದಾಳ ಈಕಿ”, ಮುಗಿಯಿತು. ಅತ್ತೆಯಂತೂ ದಿನಕ್ಕೊಮ್ಮೆಯಾದರೂ ಬಾಯಿತಪ್ಪಿ ನನ್ನನ್ನು ಸತ್ತವಳ ಹೆಸರಿನಿಂದ ಕರೆಯುತ್ತಿದ್ದಳು, ನಾನು ಓ ಅನ್ನುತ್ತಿದ್ದೆ. ಓ ಅನ್ನದಿದ್ದರೆ ರೊಟ್ಟಿ ಸೀದು ಹೋಗುತ್ತಿತ್ತಲ್ಲ! ಹೀಗಾಗಿ ನನ್ನ ಹೆಸರನ್ನು ನಾನು ಕೇಳಿಯೇ ಒಂದು ಕಾಲವಾಗಿತ್ತು. ಗುಡ್ಡದ ಮೇಲೆ ನಮ್ಮ ಮನೆಯವರ ಬಾಯಿಂದ ಅದನ್ನು ಕೇಳಬೇಕು ಎಂದು ನಾನು ಆಸೆಪಟ್ಟಷ್ಟು ಯಾವ ಒಡವೆಗೂ ಆಸೆಪಟ್ಟವಳಲ್ಲ.

ಆ ಆಸೆಗೂ ಹುಳಿ ಹಿಂಡುವವರು ಮನೆಯಲ್ಲೇ ಇದ್ದರು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ನನ್ನ ದೊಡ್ಡ ನಾದಿನಿ, ಹಿರಿಯಾಕೆ ಗುಡ್ಡ ಹತ್ತಿದ ಕಥೆಯನ್ನು ಪದೇ ಪದೇ ಹೇಳುತ್ತಿದ್ದಳು. ಹಿರಿಯಾಕೆ ಜೇವರ್ಗಿ ಸೀಮೆಯವಳು, ನೆಲೋಗಿಯ ಕಡೆಯ ಹೆಣ್ಣು. ನನ್ನ ಹಾಗೆಯೇ ಬಯಲಿನವಳು. ನಾದಿನಿ ಮೊದಲ ಸಲ ಹೇಳಿದಾಗ ಆಕೆ ಗುಡ್ಡದ ಅರ್ಧಕ್ಕೆ ಒಂದು ಗುಟುಕು ನೀರು ಕುಡಿದಿದ್ದಳು. ಹೋಳಿ ಹುಣ್ಣಿಮೆಯ ಹೊತ್ತಿಗೆ ಆ ಗುಟುಕೂ ಹೋಯಿತು. ಯುಗಾದಿಗೆ ಆಕೆಯ ಕಾಲಿನ ಕೆರಗಳೂ ಹೋದವು, ಬರಿಗಾಲಲ್ಲಿ ಹತ್ತಿದಳು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಗುಡ್ಡದ ಮೇಲೆ ಹಾರಿ ಹೋಗುತ್ತಿದ್ದಳೋ ಏನೋ. ಸತ್ತ ಎಮ್ಮೆ ಹಂಡೆ ತುಂಬ ಹಾಲು ಕೊಡುತ್ತಿತ್ತು ಅನ್ನುತ್ತಾರಲ್ಲ, ಹಾಗೆ.

“ಮತ್ತ ತಮ್ಮ ಆಕಿ ಹೆಸರು ಹ್ಯಾಂಗ ಒದರಿದ ಅಂತಿ! ಅತ್ತ ಕಡಿ ಗುಡ್ಡದಾಗ ಕುರಿ ಕಾಯವರು ಹೊಳ್ಳಿ ನೋಡಿದ್ರು” ಎಂದು ನಾದಿನಿ ಕಥೆ ಮುಗಿಸುತ್ತಿದ್ದಳು.

ನನ್ನ ಹೊಟ್ಟೆಯಲ್ಲಿ ಏನಾಗುತ್ತಿತ್ತು ಎಂದು ಬರೆಯಲು ನಾಚಿಕೆಯಿಲ್ಲ. ಉರಿಯುತ್ತಿತ್ತು. ಬದುಕಿದ್ದ ಸವತಿಯಾದರೆ ಜುಟ್ಟು ಹಿಡಿದು ಜಗಳಾಡಬಹುದು, ಪಾಲು ಕೇಳಬಹುದು, ಆಕೆಗೂ ಮುಪ್ಪು ಬರುವುದನ್ನು ಕಾಯಬಹುದು. ಸತ್ತವಳಿಗೆ ಮುಪ್ಪಿಲ್ಲ, ತಪ್ಪಿಲ್ಲ, ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ. ನಾನು ನಿರ್ಧಾರ ಮಾಡಿದೆ: ಆಕೆ ಹತ್ತಿದ ಹಾಗೆಯೇ ಹತ್ತುತ್ತೇನೆ. ಬರಿಗಾಲು. ನೀರು ಮುಟ್ಟುವುದಿಲ್ಲ. ಎಲ್ಲೂ ಕೂರುವುದಿಲ್ಲ. ನೋಡೋಣ, ಆಮೇಲೆ ನನ್ನ ಹೆಸರು ಎಷ್ಟು ಗುಡ್ಡ ದಾಟುತ್ತದೆ.

ಆ ದಿನ ಕೋಳಿ ಕೂಗುವ ಮುಂಚೆ ಹೊರಡುವುದೆಂದು ಮಾತಾಗಿತ್ತು. ಬೇಸಿಗೆಯಲ್ಲಿ ಗುಡ್ಡ ಹತ್ತುವವರು ಬಿಸಿಲು ನೆತ್ತಿಗೆ ಬರುವ ಮೊದಲೇ ಇಳಿದುಬಿಡಬೇಕು. ನಾನು ಎದ್ದು, ಮಿಂದು, ಕೊಡ ತುಂಬಿದೆ. ಬುತ್ತಿ ಕಟ್ಟಿದೆ: ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಒಂದು ಗಡಿಗೆಯಲ್ಲಿ ಮಜ್ಜಿಗೆ. ಕುಡಿಯುವ ನೀರಿಗೆ ಒಂದು ಸೋರೆಬುರುಡೆ. ಇನ್ನು ಉಳಿದದ್ದು ಹೊಸ ಸೀರೆ ಉಡುವುದು.

ಅಲ್ಲಿ ಹಿರಿಯಾಕೆ ಅಡ್ಡ ಬಂದಳು. ಸೀರೆಯನ್ನು ಆಕೆಯ ಮುಂದೆ ಇಟ್ಟು ಅಪ್ಪಣೆ ಕೇಳಬೇಕಲ್ಲ. ಅತ್ತೆ ನನ್ನ ಕೊರಳಿಂದ ಪದಕ ಬಿಚ್ಚಿಸಿ, ತುಂಬಿದ ತಂಬಿಗೆಗೆ ಆನಿಸಿ, ತಂಬಿಗೆಯ ಕಂಠದ ಮೇಲೆ ಒಂದು ಕಣಗಿಲೆ ಹೂವು ಇಟ್ಟಳು. ಹೂವು ತಾನಾಗಿ ಕೆಳಗೆ ಬಿದ್ದರೆ ಹಿರಿಯಾಕೆ ಒಪ್ಪಿದಳು ಎಂದು ಅರ್ಥ. ಕೂತೆವು. ಹೂವು ಬೀಳಲಿಲ್ಲ. ಕೋಳಿ ಕೂಗಿತು. ಹೂವು ಬೀಳಲಿಲ್ಲ. ಹೊರಗೆ ಎತ್ತುಗಳು ನೊಗದ ಕೆಳಗೆ ನಿಂತು ಸಾಕಾಗಿ ಬುಸುಗುಟ್ಟುತ್ತಿದ್ದವು.

“ಆಕಿ ಮನಸ್ಸಿನ್ಯಾಗ ಏನೋ ಅದ” ಅಂದಳು ಅತ್ತೆ.

“ಬಿಸಿಲಾಗತದ ಬೇ ಯವ್ವಾ, ಏಳ್ರಿ ಇನ್ನ” ಎಂದು ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಅಂದರು.

“ಸುಮ್ಮ ಕುಂದ್ರಪ್ಪಾ ನೀ. ಆಕಿ ಒಪ್ಪಲಾರದ ಹ್ಯಾಂಗ ಹೋಗೋದು?”

ಹೊಸ್ತಿಲ ಮೇಲೆ ಬೆಳಕು ಬಂತು, ಆಮೇಲೆ ಬಿಸಿಲೂ ಬಂತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದ ಹೊತ್ತು ನೋಡಿ ನಾನು ಉಫ್ ಎಂದು ಊದಿದೆ. ಹೂವು ಉರುಳಿ ಸೀರೆಯ ಮೇಲೆ ಬಿತ್ತು. “ನೋಡು, ಆಕಿ ಮನಸ್ಸು ಬಂಗಾರ” ಎಂದು ಅತ್ತೆ ಪದಕಕ್ಕೆ ಲಟಿಕೆ ಮುರಿದಳು. ಊದಿದವಳು ನಾನು, ಮೆಚ್ಚುಗೆ ಆಕೆಗೆ!

ಚಕ್ಕಡಿ ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ನಮ್ಮ ನೆರಳು ನಮ್ಮ ಕಾಲ ಬುಡಕ್ಕೇ ಬಂದಿತ್ತು. ಅತ್ತೆಗೆ ಮೊಳಕಾಲು ನೋವು. ಆಕೆ ಬುಡದಲ್ಲಿದ್ದ ಬೇವಿನ ಮರದ ಕೆಳಗೆ ಎತ್ತುಗಳ ಜೊತೆ ಉಳಿದಳು, ಬುತ್ತಿಯೂ ಮಜ್ಜಿಗೆಯ ಗಡಿಗೆಯೂ ಆಕೆಯ ಹತ್ತಿರವೇ ಉಳಿದವು. ಹೊರಡುವ ಮೊದಲು ನನ್ನ ಸೆರಗಿನ ಗಂಟಿಗೆ ಒಂದು ಉಳ್ಳಾಗಡ್ಡಿ ಕಟ್ಟಿದಳು, ಝಳ ಬಡಿಯಬಾರದು ಎಂದು. ಇನ್ನೊಂದನ್ನು ಒಡೆದು ನನ್ನ ಅಂಗಾಲಿಗೆ ತಿಕ್ಕಿದಳು. ಕೊಡದ ಕೆಳಗಿನ ಸಿಂಬೆಗೆ ಬೇವಿನ ಸೊಪ್ಪು ಸುತ್ತಿದಳು. ಅಷ್ಟು ಚೆನ್ನಾಗಿ ನೋಡಿಕೊಂಡು, ಕಡೆಗೆ ಪದಕವನ್ನು ಸೆರಗಿನ ಒಳಗಿನಿಂದ ಎಳೆದು ಹೊರಗೆ ಹಾಕಿದಳು.

“ಗುಡ್ಡದವ್ವಗ ಹಿರ್ಯಾಕಿ ಮಾರಿ ಕಾಣಬೇಕು. ಒಳಗ ಮುಚ್ಚಬ್ಯಾಡ” ಅಂದಳು.

“ಕೆರ ಹಾಕ್ಕೋ” ಎಂದು ನಮ್ಮ ಮನೆಯವರು ನನ್ನ ಕಾಲು ನೋಡಿ ಅಂದರು.

“ಬ್ಯಾಡ್ರಿ” ಅಂದೆ.

“ಹಿರ್ಯಾಕೀನೂ ಹಿಂಗೇ ಹತ್ತಿದ್ಲು” ಎಂದು ನಾದಿನಿ ಹೆಮ್ಮೆಯಿಂದ ಹೇಳಿ, ಬುರುಡೆಯನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಹಿಂದೆ ಬಂದಳು. ಆಕೆಯ ಕಾಲಲ್ಲಿ ಕೆರ ಇದ್ದವು ಅನ್ನುವುದನ್ನು ನಾನು ಗಮನಿಸಿದೆ.

ಗುಡ್ಡ ದೂರದಿಂದ ಕಂಡಷ್ಟು ಎತ್ತರವೇನಲ್ಲ. ಆದರೆ ಗಿಡವಿಲ್ಲ, ಮರವಿಲ್ಲ. ಎಲೆ ಉದುರಿದ ಬಾರಿಯ ಮುಳ್ಳುಕಂಟಿ, ಕಳ್ಳಿ, ಮಿಕ್ಕಿದ್ದು ಕರಿಗಲ್ಲು. ಕಲ್ಲು ಹಂಚಿನ ಹಾಗೆ ಕಾದಿತ್ತು. ನಾನು ದಿನವೂ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ, ಆ ದಿನ ನನ್ನನ್ನೇ ಹಾಕಿದರು. ಮೊದಮೊದಲು ಕಾಲನ್ನು ಬೇಗ ಬೇಗ ಎತ್ತಿಟ್ಟೆ. ತಲೆಯ ಮೇಲೆ ಕೊಡ ಇರುವಾಗ ಬೇಗ ಕಾಲು ಎತ್ತಲಾಗುವುದಿಲ್ಲ, ನೀರು ಚೆಲ್ಲುತ್ತದೆ. ಮೆಲ್ಲಗೆ ಇಟ್ಟರೆ ಸುಡುತ್ತದೆ. ಕಳ್ಳಿಯ ಬುಡದಲ್ಲಿ ಗೇಣು ನೆರಳು ಕಂಡರೂ ಒಂದು ಕಾಲು ಅಲ್ಲಿಟ್ಟು, ಆಮೇಲೆ ಇನ್ನೊಂದು ಕಾಲು ಇಟ್ಟು, ಹಾಗೇ ಹೋದೆ.

ನಮ್ಮ ಮನೆಯವರು ಮುಂದೆ. ಅವರು ರುಮಾಲಿನ ಒಂದು ತುದಿಯನ್ನು ಕಿವಿ ಮುಚ್ಚುವ ಹಾಗೆ ಇಳಿಬಿಟ್ಟುಕೊಂಡು, ಬಾಯಿ ಮುಚ್ಚಿ, ಮೂಗಿನಿಂದಲೇ ಉಸಿರಾಡುತ್ತಾ, ಒಂದೇ ಸಮ ಹತ್ತುತ್ತಿದ್ದರು. ಬಿಸಿಲಿನಲ್ಲಿ ಮಾತಾಡಿದರೆ ದಮ್ಮು ಹೋಗುತ್ತದೆ ಎಂದು ಹೇಳಿದ್ದರು. ಆಗಾಗ ನಿಂತು ಹಿಂತಿರುಗಿ ನೋಡುತ್ತಿದ್ದರು.

“ನೀರು ಕುಡಿ” ಅಂದರು ಒಂದು ತಿರುವಿನಲ್ಲಿ.

“ಒಲ್ಲೆರಿ.”

“ಒಂದು ಗುಟುಕು.”

“ಒಲ್ಲೆ ಅಂದೆನಲ್ರಿ.”

“ಆಕಿ ಒಲ್ಲೆ ಅಂದ್ರ ಬಿಡೋ, ನಾ ಕುಡೀತೇನಿ” ಎಂದು ನಾದಿನಿ ಬುರುಡೆ ಎತ್ತಿದಳು. ನೀರು ಆಕೆಯ ಗಂಟಲಲ್ಲಿ ಗುಳುಗುಳು ಇಳಿಯುವ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮುಂದಿನ ತಿರುವಿನಲ್ಲೂ ಅದೇ. ನಾನು ಒಲ್ಲೆ ಅನ್ನುವುದು, ಆಕೆ ಕುಡಿಯುವುದು. ಸತ್ತವಳ ಜೊತೆ ಪಂದ್ಯ ಕಟ್ಟಿದವಳು ನಾನು, ನೀರು ಗೆದ್ದವಳು ನಾದಿನಿ.

ಅಷ್ಟರಲ್ಲಿ ಪದಕ ಕಾಯತೊಡಗಿತ್ತು. ಬಿಸಿಲು ನೇರ ಅದರ ಮುಖಕ್ಕೇ ಬೀಳುತ್ತಿತ್ತು. ನಾನು ಬಗ್ಗಿ ಹತ್ತುವಾಗ ಅದು ತೂಗಾಡಿ ಕೊರಳ ಕೆಳಗಿನ ಬರಿಮೈಗೆ ತಾಗುತ್ತಿತ್ತು. ತಾಗಿದಲ್ಲೆಲ್ಲ ಚುರ್ರ್ ಅನ್ನುತ್ತಿತ್ತು. ಎರಡೂ ಕೈ ಕೊಡದ ಮೇಲಿದ್ದವು, ಅದನ್ನು ಸರಿಸಲೂ ಬಾರದು. ನಾದಿನಿಗೆ ಹೇಳಿದರೆ ಆಕೆ ಒಳಗೆ ಹಾಕುತ್ತಿದ್ದಳು. ಆದರೆ ಹಿರಿಯಾಕೆ ಸುಟ್ಟಳು ಎಂದು ನಾನು ಬಾಯಿಬಿಟ್ಟು ಹೇಳುವುದೇ? ಸುಡು, ಸುಡು, ಎಷ್ಟು ಸುಡ್ತೀ ಸುಡು ಎಂದು ಹಲ್ಲು ಕಚ್ಚಿ ಹತ್ತಿದೆ. ಕೆಳಗೆ ಕಲ್ಲು, ಮೇಲೆ ಬಿಸಿಲು, ನಡುವೆ ಆಕೆ.

ನೆತ್ತಿ ಕಾಣುವಷ್ಟು ಹತ್ತಿರ ಹೋಗಿದ್ದೆವು. ಅಲ್ಲಿ ನನ್ನ ಬೆವರು ನಿಂತುಹೋಯಿತು. ಬೆವರು ನಿಂತಿತು, ಒಳ್ಳೆಯದಾಯಿತು ಅಂದುಕೊಂಡೆ. ಬಿಸಿಲಿನಲ್ಲಿ ಅದು ಒಳ್ಳೆಯದಲ್ಲ ಎಂದು ಆಗ ನನಗೆ ತಿಳಿದಿರಲಿಲ್ಲ. ನಾಲಗೆ ಮೇಲಂಗುಳಕ್ಕೆ ಅಂಟಿತು. ಕಲ್ಲುಗಳು ಅಲ್ಲಾಡತೊಡಗಿದವು. ಬೇಸಿಗೆಯಲ್ಲಿ ಯಾಕೆ ಚಳಿಯಾಗುತ್ತಿದೆ ಎಂದು ನಾನು ಯೋಚಿಸಿದ್ದು ನೆನಪಿದೆ. ಆಮೇಲೆ ತಲೆಯ ಮೇಲಿನ ಕೊಡ ಹಗುರಾಯಿತು. ನಮ್ಮ ಮನೆಯವರು ಅದನ್ನು ಹಿಡಿದುಕೊಂಡಿದ್ದರು. ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದಿದ್ದರು.

ಒಂದು ದೊಡ್ಡ ಬಂಡೆ ಮುಂದಕ್ಕೆ ಚಾಚಿಕೊಂಡಿದ್ದ ಕಡೆ ಇಬ್ಬರು ಕೂರುವಷ್ಟು ನೆರಳಿತ್ತು. ಅಲ್ಲಿಗೆ ಎಳೆದು ಕೂರಿಸಿದರು. “ಬುರುಡಿ ಕೊಡಬೇ” ಎಂದು ಅಕ್ಕನ ಕಡೆ ಕೈಚಾಚಿದರು. ನಾದಿನಿ ಬುರುಡೆಯನ್ನು ಬುಡಮೇಲು ಮಾಡಿ ತೋರಿಸಿದಳು. ಒಂದು ಹನಿ ಬಿತ್ತು.

“ಆಕಿ ಒಲ್ಲೆ ಅಂದಳಲ್ಲೋ ತಮ್ಮಾ” ಎಂದು ಅಳುದನಿ ತೆಗೆದಳು.

ನಮ್ಮ ಮನೆಯವರು ನನ್ನ ಕೊರಳ ಕಡೆ ನೋಡಿದರು. ಸುಟ್ಟು ಕೆಂಪಾದ ಮಚ್ಚೆಗಳು ಕಂಡಿರಬೇಕು. ಪದಕ ಹಿಡಿಯಲು ಹೋಗಿ ಹಾ ಎಂದು ಬೆರಳು ಕೊಡವಿದರು. ಆಮೇಲೆ ರುಮಾಲಿನ ತುದಿಯಿಂದ ಅದನ್ನು ಹಿಡಿದು, ದಾರ ಬಿಚ್ಚಿ, ತೆಗೆದು, ಮೀಸಲು ನೀರಿನ ಕೊಡದೊಳಗೆ ಹಾಕಿಬಿಟ್ಟರು. ಬುಳುಕ್ ಎಂದಿತು.

“ಅಯ್ಯ ಶಿವನೇ, ಮೀಸಲ ನೀರು!” ಎಂದು ನಾದಿನಿ ಕೂಗಿದಳು.

“ಕಾದದ. ಆಕೀನೂ ತಣ್ಣಗಾಗಲಿ” ಅಂದರು ಅವರು.

ನನಗೆ ಅರೆ ಎಚ್ಚರ. ಆದರೂ ಆ ಮಾತು ಕಿವಿಗೆ ಬಿತ್ತು ನೋಡಿ! ನಾನು ಇಲ್ಲಿ ಸಾಯುತ್ತಿದ್ದೇನೆ, ಈ ಮನುಷ್ಯ ಮೊದಲು ಆಕೆಗೆ ಜಳಕ ಮಾಡಿಸುತ್ತಿದ್ದಾನೆ. ನೀರಿನಲ್ಲೂ ಮೊದಲ ಪಾಲು ಹಿರಿಯಾಕೆಯದೇ. ಆ ಸಿಟ್ಟಿಗೇ ನನಗೆ ಅರ್ಧ ಜೀವ ಬಂತು ಅನ್ನಿಸುತ್ತದೆ.

ಆಮೇಲೆ ಆ ಕೊಡದ ನೀರನ್ನು ಬೊಗಸೆಯಲ್ಲಿ ಮೊಗೆದು ನನ್ನ ನೆತ್ತಿಗೆ ಹಾಕಿದರು, ಕತ್ತಿನ ಹಿಂದೆ ಹಾಕಿದರು, ಅಂಗಾಲಿಗೆ ಹಾಕಿದರು. ರುಮಾಲು ಬಿಚ್ಚಿ ಅದ್ದಿ ನನ್ನ ತಲೆಗೆ ಸುತ್ತಿದರು. ಬರಿತಲೆಯಲ್ಲಿ ಅವರನ್ನು ನಾನು ಬಿಸಿಲಿಗೆ ಕಂಡದ್ದು ಅದೇ ಮೊದಲು. ಕುಡಿ ಎಂದು ಬೊಗಸೆಯನ್ನು ಬಾಯಿಗೆ ಹಿಡಿದರು.

“ಒಲ್ಲೆ. ಆಕಿ ಕುಡಿದಿಲ್ಲ” ಅಂದೆ.

“ಯಾರು?”

“ಹಿರ್ಯಾಕಿ. ಹನಿ ನೀರು ಮುಟ್ಟಿಲ್ಲಂತ. ಎಲ್ಲೂ ಕುಂತಿಲ್ಲಂತ. ಬರಿಗಾಲಲೆ ಹತ್ಯಾಳಂತ.”

ಅವರು ಅಕ್ಕನ ಮುಖ ನೋಡಿದರು. ಅಕ್ಕ ದೂರದ ಕಳ್ಳಿಯನ್ನು ನೋಡತೊಡಗಿದಳು.

“ಯಾವಾಕಿ ಹೇಳಿದ್ಲು? ಆಕಿ ಇದೇ ಬಂಡಿಗಲ್ಲಿನ ಬುಡಕ ಕುಂತಿದ್ಲು. ಬುರುಡಿ ನೀರು ಎಲ್ಲಾ ಆಕೀನೇ ಕುಡಿದ್ಲು. ನನ್ನ ಕೆರ ಕಾಲಾಗ ಹಾಕ್ಕೊಂಡ್ಲು. ಮ್ಯಾಲ, ಇಂಥಾ ಬಿಸಿಲಾಗ ಕರಕೊಂಡ ಬಂದ ನೀ ಎಂಥಾ ಗಂಡಸು ಅಂತ ಬಾಯಿಗೆ ಬಂದಂಗ ನನ್ನ ಬೈದ್ಲು.”

ನಾನು ನೀರು ಕುಡಿದೆ. ಬೊಗಸೆ ಬೊಗಸೆ ಕುಡಿದೆ. ಸವತಿ ಮುಳುಗಿ ಕೂತಿದ್ದ ನೀರು ಕುಡಿದು ನಾನು ಬದುಕಿಕೊಂಡೆ. ಅಷ್ಟಕ್ಕೆ ಹೊಟ್ಟೆ ತಣ್ಣಗಾಯಿತು ಎಂದು ತಿಳಿಯಬೇಡಿ. ನೀರು ಕುಡಿದಷ್ಟೂ ಇನ್ನೊಂದು ಉರಿ ಎದ್ದಿತು. ಬೈದಿದ್ದಳಂತೆ! ಮದುವೆಯಾದ ಮೊದಲ ಬೇಸಿಗೆಯಲ್ಲೇ ಗಂಡನನ್ನು ಬಾಯಿಗೆ ಬಂದ ಹಾಗೆ ಬೈಯುವಷ್ಟು ಸಲಿಗೆ ಆಕೆಗೆ ಇತ್ತು. ಅವರು ಅದನ್ನು ಹೇಳುವಾಗ ಅವರ ಮೀಸೆಯ ಕೆಳಗೆ ಸಣ್ಣ ನಗೆ ಬೇರೆ. ನಾನು ಮನೆ ತುಂಬಿದಾಗಿನಿಂದ ಬ್ಯಾಡ್ರಿ, ಹೌದ್ರಿ, ಆತ್ರಿ, ಇಷ್ಟೇ ಮಾತಾಡಿದವಳು. ಬರಿಗಾಲಿನಲ್ಲಿ ಆಕೆಯನ್ನು ಗೆದ್ದೆ, ಬಾಯಾರಿಕೆಯಲ್ಲಿ ಗೆದ್ದೆ. ಗೆದ್ದದ್ದೆಲ್ಲ ಸುಳ್ಳು ಪಂದ್ಯ. ಖರೇ ಪಂದ್ಯದಲ್ಲಿ ಆಕೆ ಎಷ್ಟೋ ಮುಂದೆ ಇದ್ದಳು.

ನಾನೂ ಬೈದೆ. ಅಲ್ಲಿಯೇ, ಒದ್ದೆ ರುಮಾಲು ಸುತ್ತಿಕೊಂಡು, ಬಂಡೆಗೆ ಬೆನ್ನು ಆನಿಸಿ ಬೈದೆ.

“ಹೂವು ಬೀಳಲಿ ಅಂತ ಬಿಸಿಲೇರೋ ತನಕ ಕುಂಡ್ರಿಸಿದ್ರಲ್ರಿ, ನಿಮಗ ಬುದ್ಧಿ ಅದ ಏನ್ರಿ? ನಿಮ್ಮವ್ವ ಕುಂದ್ರು ಅಂದ್ರ ಕುಂದ್ರೋದು, ನಿಮ್ಮಕ್ಕ ನೀರು ಕುಡದ್ರ ನೋಡಕೋತ ನಿಂದ್ರೋದು! ಕಾಲು ಸುಟ್ಟಾವ ನೋಡ್ರಿ. ಕೊರಳು ಸುಟ್ಟದ ನೋಡ್ರಿ. ನಾ ಏನ್ ಕಲ್ಲ ಏನ್ರಿ?”

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಮನೆಯವರು ತಮ್ಮ ಕೆರ ಬಿಚ್ಚಿ ನನ್ನ ಮುಂದೆ ಇಟ್ಟರು. ನನ್ನ ಕಾಲಿಗೆ ಅವು ದೋಣಿಯಷ್ಟು ದೊಡ್ಡವು. ಆಕೆಯೂ ಇವನ್ನೇ ಹಾಕಿಕೊಂಡಿರಬೇಕು ಎಂದು ಒಂದು ಗಳಿಗೆ ಅನುಮಾನಿಸಿದೆ. ಆಮೇಲೆ ಹಾಕಿಕೊಂಡೆ. ಸುಟ್ಟ ಕಾಲಿಗೆ ಸ್ವಾಭಿಮಾನ ಎಲ್ಲಿಂದ ಬರಬೇಕು?

ಬಿಸಿಲು ಇಳಿಮುಖವಾಗುವ ತನಕ ಆ ಬಂಡೆಯ ಕೆಳಗೆ ಕೂತೆವು. ನೆರಳು ಸರಿದ ಹಾಗೆ ನಾವೂ ಸರಿದೆವು. ಕೊಡದಲ್ಲಿ ಅರ್ಧಕ್ಕಿಂತ ಕಡಿಮೆ ನೀರು ಉಳಿದಿತ್ತು, ತಳದಲ್ಲಿ ಹಿರಿಯಾಕೆ.

“ಮುಸುರಿ ನೀರು ಎರದ್ರ ಅವ್ವ ಒಪ್ಪತಾಳ ಏನೋ?” ಎಂದು ನಾದಿನಿ ಕೇಳಿದಳು.

“ಅವ್ವ ಅಂದ ಮ್ಯಾಲ ಒಪ್ಪಬೇಕಲ್ಲ” ಎಂದು ನಮ್ಮ ಮನೆಯವರು ಎದ್ದರು.

ನೆತ್ತಿಯ ಮೇಲೆ ಗಾಳಿ ಇತ್ತು, ಬಿಸಿಯದೇ ಆದರೂ ಗಾಳಿ. ನಾನು ಕೊಡ ಬಗ್ಗಿಸಿ ಕಲ್ಲಿಗೆ ನೀರೆರೆದೆ. ಕಲ್ಲು ಒದ್ದೆಯಾಯಿತೋ ಇಲ್ಲವೋ, ಒಣಗಿಯೇ ಹೋಯಿತು. ಕಡೆಯ ಹನಿಗಳ ಜೊತೆ ಪದಕವೂ ಜಾರಿ ನನ್ನ ಕೈಗೆ ಬಂತು. ತಣ್ಣಗಿತ್ತು. ಅದನ್ನು ಹಿಡಿದುಕೊಂಡು ನಿಂತೆ. ನನಗೆ ಬೇಕಾದದ್ದು ಇನ್ನು ಒಂದೇ ಮಾತು.

ನಮ್ಮ ಮನೆಯವರು ಅಂಚಿಗೆ ಹೋಗಿ ನಿಂತರು. ಕೆಳಗೆ ಬಯಲು ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ನನ್ನ ತವರೂ ಆ ಕಡೆ, ಜೇವರ್ಗಿಯೂ ಆ ಕಡೆ. ಎರಡೂ ಕಾಣುವುದಿಲ್ಲ, ದಿಕ್ಕಷ್ಟೇ ಗೊತ್ತು. ಅವರು ಎರಡೂ ಕೈ ಬಾಯಿಗೆ ಹಿಡಿದು, ಎದೆ ತುಂಬ ಉಸಿರೆಳೆದು, ಕೂಗಿದರು.

ಆಕೆಯ ಹೆಸರು.

ಗುಡ್ಡದ ಸಾಲು ಅದನ್ನು ತೆಗೆದುಕೊಂಡು ಒಂದಕ್ಕೊಂದು ಹೇಳಿಕೊಂಡಿತು. ನಾದಿನಿಯ ಕಥೆಯಲ್ಲಿ ಇದೊಂದು ಮಾತ್ರ ಖರೇ ಇತ್ತು. ನನ್ನ ಕೈಯ ಪದಕವನ್ನು ಗುಡ್ಡದ ಕೆಳಗೆ ಎಸೆಯಬೇಕು ಅನ್ನಿಸಿತು. ಮುಷ್ಟಿ ಬಿಗಿಯಿತು, ಅಷ್ಟೇ.

ಆಮೇಲೆ ಅವರು ಕೈ ಇಳಿಸಿ, ನನ್ನ ಕಡೆ ಬಂದು, ಕಣಕ್ಕೆ ಬರಲು ಹೇಳುವಷ್ಟು ಸಾದಾ ದನಿಯಲ್ಲಿ, ಮೆಲ್ಲಗೆ ನನ್ನ ಹೆಸರು ಹೇಳಿದರು. ಒಂದೇ ಸಲ. “ನಡಿ, ಅವ್ವ ಕಾಯಾಕತ್ತಾಳ” ಎಂದು ಸೇರಿಸಿದರು.

“ಹೇಳಿದಿ ಏನೋ? ನನಗ ಕೇಳಲಿಲ್ಲಲ್ಲ!” ಎಂದು ಹಿಂದಿನಿಂದ ನಾದಿನಿ ಅಂದಳು.

ದೊಡ್ಡ ಕೆರಗಳನ್ನು ಪಟಪಟ ಬಡಿಯುತ್ತಾ ಇಳಿದೆ. ಆ ಬಂಡೆಯ ಹತ್ತಿರ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಒಮ್ಮೆ ಬೈದು ಬಾಯಿಗೆ ರೂಢಿಯಾಗಿತ್ತು.

“ಆಕಿ ಹೆಸರು ಹಂಗ ಒದರಿದ್ರಿ. ನಂದು ಬಾಯಾಗೇ ನುಂಗಿದ್ರಿ. ಇವತ್ತ ಹತ್ತಿದಾಕಿ ಯಾರ್ರೀ? ಸುಟಗೊಂಡಾಕಿ ಯಾರ್ರೀ?”

ಅವರು ನಿಂತರು. ಈ ಪ್ರಶ್ನೆ ಯಾಕೆ ಬಂತು ಎಂದೇ ಅವರಿಗೆ ತಿಳಿದ ಹಾಗೆ ಕಾಣಲಿಲ್ಲ.

“ಆಕಿ ದೂರ ಅದಾಳ. ಒದರಲಾರದ ಹ್ಯಾಂಗ ಕೇಳಸತದ?” ಅಂದರು. “ನೀ ಇಲ್ಲೇ ಅದಿಯಲ್ಲ.”

ಇದಕ್ಕೆ ಏನು ಹೇಳುತ್ತೀರಿ? ಮಾತು ಸರಿಯೇ. ಆದರೆ ನನಗೆ ಬೇಕಾಗಿದ್ದದ್ದು ಸರಿಯಾದ ಮಾತಲ್ಲ. ಕುರಿ ಕಾಯುವವರು ಹೊರಳಿ ನೋಡಬೇಕಾಗಿತ್ತು. ಕೆಳಗೆ ಬಂದು ಮಜ್ಜಿಗೆ ಕುಡಿದು, ರೊಟ್ಟಿ ತಿಂದೆ. ಅತ್ತೆ ಪದಕವನ್ನು ಮತ್ತೆ ನನ್ನ ಕೊರಳಿಗೆ ಕಟ್ಟಿದಳು.

ಅಂದಿನಿಂದ ನಮ್ಮ ಮನೆಯವರು ನನ್ನನ್ನು ಹೆಸರು ಹಿಡಿದೇ ಕರೆದರು. ಊರವರು ನಕ್ಕರು, ಅತ್ತೆ ಗೊಣಗಿದಳು, ಅವರು ಬಿಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ಅದೇ ಮೆಲ್ಲನೆಯ ದನಿಯಲ್ಲಿ. ಮಕ್ಕಳಾದವು, ಅತ್ತೆ ಹೋದಳು, ನಾದಿನಿ ಹೋದಳು, ಸರಕಾರವೂ ಬೇರೆ ಬಂತು. ಅವರು ಒಮ್ಮೆಯೂ ನನ್ನ ಹೆಸರನ್ನು ಒದರಲಿಲ್ಲ. ಒದರುವಷ್ಟು ದೂರ ನಾನು ಹೋಗಲೇ ಇಲ್ಲ. ನಾನಂತೂ ನಮ್ಮ ಕಡೆಯ ಹೆಂಗಸರ ಹಾಗೆ, ಒಡಪಿನಲ್ಲಿ ಬಿಟ್ಟರೆ ಅವರ ಹೆಸರನ್ನು ಬಾಯಿಗೆ ತಂದವಳಲ್ಲ.

ಅವರು ತೀರಿಕೊಂಡದ್ದೂ ಬೇಸಿಗೆಯಲ್ಲೇ. ನನ್ನ ಕೊರಳಿನಿಂದ ತಾಳಿ ತೆಗೆದರು, ಪದಕವನ್ನೂ ತೆಗೆದರು. ಗಂಡನಿಲ್ಲದ ಮೇಲೆ ಅದನ್ನು ನಾನು ಹಾಕುವಂತಿಲ್ಲ, ಮನೆಯಲ್ಲೂ ಇಡುವಂತಿಲ್ಲವಂತೆ. ಮಣ್ಣು ಕೊಡುವಾಗ ಹಿರಿಯರು ಅದನ್ನು ಅವರ ಎದೆಯ ಮೇಲೆ ಇಟ್ಟರು. ನಾನು ಅಳುವುದನ್ನು ನಿಲ್ಲಿಸಿ ನೋಡಿದೆ. ನನ್ನ ಬೆವರು ಕುಡಿದು ಬೆಳ್ಳಿ ಕಪ್ಪಾಗಿತ್ತು, ಕಣ್ಣುಮೂಗು ಸವೆದುಹೋಗಿದ್ದವು. ಹೊತ್ತು ತಿರುಗಿದವಳು ನಾನು. ಜೊತೆಗೆ ಹೋದವಳು ಆಕೆ.

ಮರುವಾರ ಒಂದು ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಬಾಗಿಲು ಮುಚ್ಚಿ ಮಲಗಿದ್ದಾಗ, ನಾನು ಮಾಳಿಗೆ ಹತ್ತಿದೆ. ಮಾಳಿಗೆಯ ಮಣ್ಣು ಕಾದು ಕಾಲು ಚುರುಗುಟ್ಟಿತು. ದೂರದಲ್ಲಿ ಗುಡ್ಡದ ಸಾಲು ಝಳಕ್ಕೆ ಅಲ್ಲಾಡುತ್ತಿತ್ತು. ದೂರ ಇದ್ದವರನ್ನು ಒದರಿಯೇ ಕರೆಯಬೇಕು ಎಂದು ಹೇಳಿಕೊಟ್ಟವರು ಅವರೇ. ಎರಡೂ ಕೈ ಬಾಯಿಗೆ ಹಿಡಿದು, ಒಡಪಿಲ್ಲದೆ, ಅವರ ಹೆಸರನ್ನಷ್ಟೇ ಕೂಗಿದೆ. ಓಣಿಯ ನಾಯಿ ಎದ್ದು ನೋಡಿತು. ಯಾರದೋ ಮನೆಯ ಬಾಗಿಲು ತೆರೆಯಿತು.

ಆಕೆಗೂ ಕೇಳಿಸಲಿ ಎಂದು ಇನ್ನೊಮ್ಮೆ ಕೂಗಿದೆ.